ಮಗನಿಗೆ ಅಮೆರಿಕದ ಮಸೂದೆ ಬಾಯಿಪಾಠ, ಊರಿನ ಪಂಚಾಯ್ತಿ ಗೊತ್ತಿಲ್ಲ: ಕಾರ್ಟೂನ್ ಹಾಡು ನಿಲ್ಲಿಸಬೇಕೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಮಕ್ಕಳು ಓದುವುದು ಇಂಗ್ಲಿಷ್ ಮೀಡಿಯಂ. ನಮ್ಮ ಯಜಮಾನರು ಟೊಮೆಟೊ ಲೋಡ್ ಗಾಡಿ ಓಡಿಸುತ್ತಾರೆ, ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಹೊಲಿಯುವಾಗ ಮಗ ಗಲಾಟೆ ಮಾಡದಿರಲಿ ಎಂದು ಫೋನ್ ಕೊಡುವುದು ರೂಢಿಯಾಯಿತು. ಅವನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಕಾರ್ಟೂನ್ ಹಾಡು ಎಂದರೆ ಪ್ರಾಣ. ಮೆಟ್ಟಿಲ ಮೇಲೆ ಕೂತ ಒಂದು ಕಾಗದದ ಸುರುಳಿ, ತಾನು ಕಾನೂನಾಗುವುದು ಹೇಗೆ ಎಂದು ಹಾಡುವ ಇಂಗ್ಲಿಷ್ ಹಾಡು ಪೂರ್ತಿ ಬಾಯಿಗೆ ಬಂದಿದೆ. ಕಮಿಟಿ, ಸೆನೆಟ್, ವೀಟೋ ಎಲ್ಲ ಹೇಳುತ್ತಾನೆ. ಮೊನ್ನೆ ನಮ್ಮ ಮಾವ, ಹಿಂದೆ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದವರು, "ಕಾನೂನು ಯಾರಪ್ಪ ಮಾಡೋದು?" ಎಂದು ಕೇಳಿದರೆ "ವೈಟ್ ಹೌಸ್‌ನಲ್ಲಿ ಸೈನ್ ಹಾಕ್ತಾರೆ ತಾತ" ಎಂದ. ಮೊದಲು ಎಲ್ಲರೂ ನಕ್ಕೆವು. ಆಮೇಲೆ ಮಾವ, "ನಮ್ಮ ಪಂಚಾಯ್ತಿ ಆಫೀಸು ಎಲ್ಲಿದೆ ಅಂತ ಗೊತ್ತಿಲ್ಲ, ಅಮೆರಿಕ ಬೇಕಾ ಇವನಿಗೆ" ಎಂದು ನನಗೇ ಬೈದರು. ದೊಡ್ಡವಳು ಎಂಟನೇ ಕ್ಲಾಸು. ಅವಳೂ ಚಿಕ್ಕವಳಿದ್ದಾಗ ರಾಜ್ಯಗಳ ಹಾಡು ಕೇಳಿ ಕಲಿತವಳು. ಟೆಸ್ಟಿನಲ್ಲಿ 29 ರಾಜ್ಯ, 7 ಕೇಂದ್ರಾಡಳಿತ ಪ್ರದೇಶ ಎಂದು ಬರೆದು ಮಾರ್ಕ್ಸ್ ಕಳೆದುಕೊಂಡಳು. ಸಮಾಜದ ಟೀಚರ್ "ಈ ಕಾರ್ಟೂನ್ ಎಲ್ಲ ಬಂದ್ ಮಾಡಿಸಿ" ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಂಗಿ "ಹಾಡಿಂದಾನೇ ಜ್ಞಾಪಕಶಕ್ತಿ ಬೆಳೆಯೋದು, ಬಿಡಕ್ಕ" ಎನ್ನುತ್ತಾಳೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಹಾಡು ನಿಲ್ಲಿಸಬೇಕೆ? ಕಲಿತ ತಪ್ಪನ್ನು ತಿದ್ದುವುದು ಹೇಗೆ? ನನಗೇ ಗೊತ್ತಿಲ್ಲದ್ದನ್ನು ಮಗನಿಗೆ ಹೇಗೆ ಹೇಳಿಕೊಡಲಿ?

ಉತ್ತರ: ನಿಮ್ಮ ಪ್ರಶ್ನೆಗಳ ಹಿಂದೆ ಇರುವ ಅಳುಕು ನನಗೆ ಅರ್ಥವಾಗುತ್ತದೆ. ಹೊಲಿಗೆಯ ಕೆಲಸ ಸಾಗಲಿ ಎಂದು ಫೋನ್ ಕೊಟ್ಟಿರಿ, ಈಗ ಮಗ ತನ್ನ ಊರನ್ನು ಬಿಟ್ಟು ಬೇರೆ ಊರಿನ ಪಾಠ ಕಲಿತುಬಿಟ್ಟ, ಅದಕ್ಕೆ ನಾನೇ ಕಾರಣ ಎನ್ನಿಸಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಸಮಾಜ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಇದೇ ದೂರು ಹಲವು ಅಮ್ಮಂದಿರಿಂದ ಕೇಳಿದ್ದೇನೆ. ಹಾಡು ನಿಲ್ಲಿಸಬೇಡಿ. ಆದರೆ ಹಾಡು ಬಂತು ಎಂದ ಮಾತ್ರಕ್ಕೆ ಪಾಠ ಬಂತು ಎಂದೂ ಲೆಕ್ಕ ಹಾಕಬೇಡಿ. ನಿಮ್ಮ ಟೀಚರ್ ಹೇಳಿದ್ದರಲ್ಲಿ ಅರ್ಧ ಸರಿ, ನಿಮ್ಮ ತಂಗಿ ಹೇಳಿದ್ದರಲ್ಲಿ ಕಾಲು ಭಾಗ ಸರಿ.

ಮೊದಲು, ಹುಡುಗ ಏನು ಕಲಿತಿದ್ದಾನೆ ನೋಡಿ. ಕಾನೂನು ಆಕಾಶದಿಂದ ಉದುರುವುದಿಲ್ಲ, ಯಾರೋ ಒಬ್ಬರು ಬೇಕು ಎಂದು ಕೇಳಿದ ಮೇಲೆ ಹುಟ್ಟುತ್ತದೆ. ಅದನ್ನು ಬರೆಯಬೇಕು. ಬರೆದದ್ದನ್ನು ಒಂದು ಸಮಿತಿ ನೋಡುತ್ತದೆ, ಅಲ್ಲೇ ಅದು ಸತ್ತೂ ಹೋಗಬಹುದು. ಆಮೇಲೆ ಕಾನೂನು ಮಾಡುವ ಸಭೆಯ ಒಂದು ಮನೆ, ಇನ್ನೊಂದು ಮನೆ, ಕೊನೆಗೆ ಒಬ್ಬರ ಸಹಿ. ಆ ಒಬ್ಬರು ಬೇಡ ಎನ್ನಲೂಬಹುದು. ಇಷ್ಟನ್ನು ಕ್ರಮ ತಪ್ಪದೆ ಹೇಳುವ ಪಿಯುಸಿ ಹುಡುಗರು ಎಷ್ಟು ಜನ ಸಿಗುತ್ತಾರೆ? ಎಂಟು ವರ್ಷದವನು ಹೇಳುತ್ತಿದ್ದಾನೆ ಎಂದರೆ ಅದನ್ನು ಕಸಕ್ಕೆ ಹಾಕುವಂತಿಲ್ಲ. ಅವನ ಉತ್ತರದಲ್ಲಿ ಇಲ್ಲದ್ದು ಒಂದೇ: ಇದು ಯಾವ ದೇಶದ ಕಥೆ ಎಂಬುದು. ಅದನ್ನು ಅವನಿಗೆ ಯಾರೂ ಹೇಳಿಲ್ಲ.

ಎರಡು ದೇಶ ಕಲಸಿಹೋಗುತ್ತದೆ ಎಂಬ ಭಯ ಬೇಡ. ನಿಮ್ಮ ಮಗ ಅಜ್ಜಿಯ ಹತ್ತಿರ ತೆಲುಗು, ಅಂಗಡಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡುತ್ತಾನೆ. ಅಜ್ಜಿಯ ಮುಂದೆ ಹೋಗಿ ಇಂಗ್ಲಿಷ್ ಆಡಿ ಗಲಿಬಿಲಿ ಮಾಡಿಕೊಳ್ಳುವುದಿಲ್ಲವಲ್ಲ. ಯಾವುದು ಎಲ್ಲಿಯದು ಎಂದು ಒಮ್ಮೆ ತಿಳಿದರೆ ಮಕ್ಕಳು ಬೇರೆಬೇರೆಯಾಗಿಯೇ ಇಟ್ಟುಕೊಳ್ಳುತ್ತಾರೆ. ಗಡಿ ತಾಲ್ಲೂಕುಗಳ ಮಕ್ಕಳಂತೂ ಇದರಲ್ಲಿ ಪಳಗಿದವರು.

ಇನ್ನು ಆ ಹಾಡಿನ ವಿಷಯ. ನಿಮ್ಮ ವಿವರಣೆಯಿಂದ ಅದು ಯಾವುದು ಎಂದು ಗೊತ್ತಾಯಿತು. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1973ರಿಂದ ಶನಿವಾರ ಬೆಳಗಿನ ಕಾರ್ಟೂನ್‌ಗಳ ನಡುವೆ ಬರುತ್ತಿದ್ದ 'ಸ್ಕೂಲ್‌ಹೌಸ್ ರಾಕ್' ಎಂಬ ಮಾಲೆಯದು. ಒಂದೊಂದೂ ಸುಮಾರು ಮೂರು ನಿಮಿಷ. ಇದನ್ನು ಶುರು ಮಾಡಿದ್ದು ಮೇಷ್ಟ್ರಲ್ಲ, ಡೇವಿಡ್ ಮೆಕಾಲ್ ಎಂಬ ಜಾಹೀರಾತು ಕಂಪನಿಯ ಮನುಷ್ಯ. ಅವನ ಮಗನಿಗೆ ಮಗ್ಗಿ ತಲೆಗೆ ಹತ್ತುತ್ತಿರಲಿಲ್ಲ, ರಾಕ್ ಹಾಡುಗಳ ಸಾಲು ಮಾತ್ರ ಒಂದೂ ತಪ್ಪುತ್ತಿರಲಿಲ್ಲವಂತೆ. ಹಾಗಾಗಿ ಮಾಲೆ ಶುರುವಾದದ್ದೇ ಮಗ್ಗಿಯ ಹಾಡಿನಿಂದ. ಮಸೂದೆಯ ಹಾಡು ಬಂದದ್ದು 1976ರಲ್ಲಿ, ಅಮೆರಿಕ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬಿದಾಗ. ಎಂದರೆ ನಿಮ್ಮ ಮಗ ಕೇಳುತ್ತಿರುವುದು ನೀವು ಹುಟ್ಟುವ ಮೊದಲಿನ ಹಾಡು. ಇಷ್ಟು ವರ್ಷವಾದರೂ ಬೇರೆ ದೇಶದ ಮಗುವಿನ ಬಾಯಲ್ಲಿ ಕೂರುತ್ತದೆ ಎಂದರೆ ಕಟ್ಟಿದವರಿಗೆ ಕಸುಬು ಗೊತ್ತಿತ್ತು ಎನ್ನಲೇಬೇಕು.

ನಮ್ಮಲ್ಲೂ ಇಂಥದ್ದು ಇರಲಿಲ್ಲವೆಂದಲ್ಲ. 1974ರಲ್ಲಿ ಫಿಲ್ಮ್ಸ್ ಡಿವಿಷನ್‌ಗಾಗಿ ವಿಜಯಾ ಮುಳೆ ಒಂದು ಹಕ್ಕಿಗಳ ಕಾರ್ಟೂನ್ ಹಾಡು ಮಾಡಿದರು. ಒಂದು ಹಕ್ಕಿ, ಅನೇಕ ಹಕ್ಕಿ, ಬಲೆ, ಎಲ್ಲ ಒಟ್ಟಿಗೆ ಹಾರುವುದು. ದೂರದರ್ಶನ ನೋಡಿ ಬೆಳೆದವರಿಗೆ ಹಿಂದಿ ಬರದಿದ್ದರೂ ಆ ಹಾಡು ಬರುತ್ತದೆ. ಆದರೆ ಗಮನಿಸಿ, ನಮ್ಮದು ಕಲಿಸಿದ್ದು ಗುಣ: ಒಗ್ಗಟ್ಟಾಗಿರಿ ಎಂದು. ಅವರದು ಕಲಿಸಿದ್ದು ದಾರಿ: ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂದು. ಪೌರನೀತಿಯ ಹೆಸರಿನಲ್ಲಿ ಮಕ್ಕಳಿಗೆ ಬರೀ ಗುಣ ಬೋಧಿಸುವ ಚಾಳಿ ನಮ್ಮಲ್ಲಿ ಹೆಚ್ಚು. ಕಸ ಹಾಕಬೇಡಿ, ದೇಶವನ್ನು ಪ್ರೀತಿಸಿ, ಹಿರಿಯರಿಗೆ ನಮಸ್ಕರಿಸಿ. ಬೀದಿ ದೀಪ ಕೆಟ್ಟರೆ ಯಾರಿಗೆ ಅರ್ಜಿ ಕೊಡಬೇಕು ಎಂದು ಯಾವ ಹಾಡೂ ಹೇಳಿಲ್ಲ.

ಈಗ ನಿಮ್ಮ ತಂಗಿಯ ಮಾತು. ಹಾಡಿನಿಂದ ಜ್ಞಾಪಕಶಕ್ತಿ ಬೆಳೆಯುತ್ತದೆ ಎಂಬುದು ಬಹಳ ಕಡೆ ಓಡಾಡುವ ನಂಬಿಕೆ. ನಿಜ ಇಷ್ಟು: ಹಾಡಿದ ಆ ಸಾಲುಗಳು ಗಟ್ಟಿಯಾಗಿ ಉಳಿಯುತ್ತವೆ. ರಾಗ, ತಾಳ, ಪ್ರಾಸ ಮೂರೂ ಸೇರಿ ಮುಂದಿನ ಪದ ಇದೇ ಎಂದು ಹಿಡಿದು ನಿಲ್ಲಿಸುತ್ತವೆ. ಬೇರೆ ಪದ ಹಾಕಿದರೆ ಬಾಯಿ ಎಡವುತ್ತದೆ. ಹಾಗೆಂದು ಹಾಡು ಬಂದವನಿಗೆ ವಿಜ್ಞಾನದ ಪಾಠವೂ ಸುಲಭವಾಗಿ ನೆನಪಿರುತ್ತದೆ ಎಂದೇನಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಸಾಂಡ್ರಾ ಕ್ಯಾಲ್ವರ್ಟ್ ಎಂಬ ಅಮೆರಿಕದ ಮನೋವಿಜ್ಞಾನಿ 1990ರ ದಶಕದಲ್ಲಿ ಇದೇ ಮಾಲೆಯ ಹಾಡುಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡಿದರು. ಮತ್ತೆ ಮತ್ತೆ ಹಾಡು ಕೇಳಿದವರಿಗೆ ಪದಕ್ಕೆ ಪದ ಹೇಳಲು ಹಾಡು ಸಹಾಯವಾಗುತ್ತದೆ, ಆದರೆ ವಿಷಯ ಅರ್ಥವಾಗುವುದಕ್ಕೆ ಸಾದಾ ಮಾತೇ ಹೆಚ್ಚು ಉಪಯೋಗ ಎಂಬ ಕಡೆಗೆ ಅವರ ಕೆಲಸ ತೋರಿಸುತ್ತದೆ. ಇದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ. ನಿಮ್ಮ ಭಾಗದಲ್ಲಿ ಕೈವಾರ ತಾತಯ್ಯನವರ ತತ್ವಪದ ಹಾಡುವ ಹಿರಿಯರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಚಿಕ್ಕಂದಿನಲ್ಲಿ ಭಜನೆಯಲ್ಲಿ ಬಾಯಿಗೆ ಬಂದದ್ದು ಮೊದಲು, ಅದರ ಒಳಗೇನಿದೆ ಎಂದು ಹೊಳೆದದ್ದು ಎಷ್ಟೋ ವರ್ಷದ ಮೇಲೆ, ಕೆಲವರಿಗೆ ಇನ್ನೂ ಇಲ್ಲ. ಬಾಯಿಪಾಠ ಕೆಟ್ಟದ್ದಲ್ಲ. ನೀವು ಹೊಲಿಗೆ ಮಾಡುವವರು, ನಿಮಗೆ ಬೇಗ ಅರ್ಥವಾಗುತ್ತದೆ: ಹಾಡು ಕಚ್ಚಾ ಹೊಲಿಗೆ ಇದ್ದ ಹಾಗೆ. ಬಟ್ಟೆ ಜಾರದಂತೆ ಹಿಡಿದಿರುತ್ತದೆ. ಅದರ ಮೇಲೆ ಮೆಷಿನ್ ಹೊಲಿಗೆ ಬೀಳಬೇಕು.

ಮೆಷಿನ್ ಹೊಲಿಗೆ ಬಿದ್ದಿದೆಯೇ ಇಲ್ಲವೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಹಾಡನ್ನು ನಡುವಿನಿಂದ ಕೇಳಿ. "ಸಮಿತಿ ಆದ ಮೇಲೆ ಏನು?" ಎಂದರೆ ಹುಡುಗ ಮನಸ್ಸಿನಲ್ಲೇ ಮೊದಲಿಂದ ಗುನುಗಿಕೊಂಡು ಬರುತ್ತಾನೆ, ತುಟಿ ಅಲ್ಲಾಡುವುದು ಕಾಣುತ್ತದೆ. ವರ್ಣಮಾಲೆಯಲ್ಲಿ 'ಭ' ಮುಂಚೆ ಯಾವುದು ಎಂದರೆ ದೊಡ್ಡವರಾದ ನಾವೂ ಹಾಗೇ ಮಾಡುತ್ತೇವೆ. ಅಲ್ಲಿಗೆ ಅದು ಸರಪಳಿ ನೆನಪು ಎಂದು ತಿಳಿಯಿರಿ. ಆಮೇಲೆ "ಸಮಿತಿ ಯಾಕೆ ಬೇಕು? ನೇರವಾಗಿ ಸಹಿ ಹಾಕಿಬಿಟ್ಟರೆ ಏನಾಗುತ್ತದೆ?" ಎಂದು ಕೇಳಿ. ಇದಕ್ಕೆ ಹಾಡಿನಲ್ಲಿ ಉತ್ತರವಿಲ್ಲ. ಹುಡುಗ ತನ್ನ ಮಾತಿನಲ್ಲಿ, ತೆಲುಗಿನಲ್ಲೇ ಆಗಲಿ, ಏನಾದರೂ ಹೇಳಲು ಯತ್ನಿಸಿದರೆ ಕಲಿಕೆ ಶುರುವಾಯಿತು ಎಂದೇ ಅರ್ಥ. ಉತ್ತರ ತಪ್ಪಿದ್ದರೂ ಪರವಾಗಿಲ್ಲ. ಅರ್ಥದ ಮಾತು ಮನೆಯ ಭಾಷೆಯಲ್ಲೇ ನಡೆಯಲಿ. ಕನ್ನಡದಲ್ಲೇ ಹೇಳು, ಇಂಗ್ಲಿಷ್‌ನಲ್ಲೇ ಹೇಳು ಎಂದು ಹಿಡಿದರೆ ಹುಡುಗ ಮತ್ತೆ ಹಾಡಿನ ಸಾಲಿಗೇ ಓಡುತ್ತಾನೆ.

ಅಂದಹಾಗೆ "ವೈಟ್ ಹೌಸ್‌ನಲ್ಲಿ ಸೈನ್ ಹಾಕ್ತಾರೆ" ಎಂಬ ಉತ್ತರ ಆ ವಯಸ್ಸಿಗೆ ಸಹಜ. ಸರ್ಕಾರ ಎಂದರೆ ಎಲ್ಲೋ ಕೂತಿರುವ ಒಬ್ಬ ದೊಡ್ಡ ಮನುಷ್ಯ ಎಂದೇ ಚಿಕ್ಕ ಮಕ್ಕಳು ತಿಳಿಯುತ್ತಾರೆ ಎಂದು 1960ರ ದಶಕದಲ್ಲೇ ಅಮೆರಿಕದ ಸಂಶೋಧಕರು ಗುರುತಿಸಿದ್ದರು. ಇಲ್ಲಿನ ಮಕ್ಕಳನ್ನು ಕೇಳಿದರೆ "ಮೋದಿ", "ಡಿಸಿ", "ಎಂಎಲ್‌ಎ" ಎನ್ನುತ್ತಾರೆ. ಸಂಸ್ಥೆ ಎಂಬ ಕಲ್ಪನೆ ತಡವಾಗಿ ಬರುತ್ತದೆ. ಅದನ್ನು ಅವಸರಿಸಬೇಕಿಲ್ಲ.

ದೊಡ್ಡ ಹುಡುಗಿಯ ಸಮಸ್ಯೆ ಇದಕ್ಕಿಂತ ಗಂಭೀರ. ಪದವನ್ನು ಅಲುಗದಂತೆ ಹಿಡಿಯುವ ಹಾಡಿನ ಅದೇ ಗುಣ ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ಅಮೆರಿಕದ ಅದೇ ಮಾಲೆಯಲ್ಲಿ ಅವರ ಸಂವಿಧಾನದ ಪೀಠಿಕೆಯ ಹಾಡೂ ಒಂದಿದೆ. ಅದರ ಮೊದಲ ಸಾಲಿನಲ್ಲಿ ದೇಶದ ಹೆಸರು ಇರುವ ಮಾತನ್ನೇ ಬಿಟ್ಟಿದ್ದಾರೆ. ಹಾಡು ನಂಬಿದವನು ಪೀಠಿಕೆ ಬರೆಯಲು ಕೂತರೆ ಅದೂ ಬಿಟ್ಟೇಹೋಗುತ್ತದೆ. ನಿಮ್ಮ ಮಗಳದ್ದು ಇದೇ ಜಾತಿಯ ತೊಂದರೆ, ಆದರೆ ಕಾರಣ ಬೇರೆ: ಅವಳು ಕಲಿತ ಹಾಡು ಅದು ಮಾಡಿದ ಕಾಲಕ್ಕೆ ಸರಿಯಾಗಿಯೇ ಇತ್ತು. 2014ರ ಜೂನ್ 2ರಂದು ತೆಲಂಗಾಣ ಬೇರೆಯಾಗಿ 29 ರಾಜ್ಯವಾದವು. 2019ರ ಅಕ್ಟೋಬರ್ 31ರಂದು ಜಮ್ಮು ಮತ್ತು ಕಾಶ್ಮೀರ ರಾಜ್ಯವಾಗಿ ಉಳಿಯದೆ, ಲಡಾಖ್ ಬೇರೆಯಾಗಿ, ಎರಡು ಕೇಂದ್ರಾಡಳಿತ ಪ್ರದೇಶಗಳಾದವು. 2020ರ ಜನವರಿ 26ರಂದು ದಮನ್ ಮತ್ತು ದಿಯು, ದಾದ್ರಾ ಮತ್ತು ನಗರ್ ಹವೇಲಿ ಒಂದಾದವು. ಈಗ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. ಹಾಡಿಗೆ ಇದ್ಯಾವುದೂ ಗೊತ್ತಿಲ್ಲ, ಅದು ಈಗಲೂ ಫೋನಿನಲ್ಲಿ ಸಿಗುತ್ತದೆ, ಈಗಲೂ 29 ಎಂದೇ ಹಾಡುತ್ತದೆ.

ಇಂಥವು ಬೇಕಾದಷ್ಟಿವೆ. ಮೂಲಭೂತ ಹಕ್ಕುಗಳು ಏಳು ಎನ್ನುವ ಹಾಡು ಸಿಕ್ಕರೆ ಅದು 1978ರ 44ನೇ ತಿದ್ದುಪಡಿಗೆ ಹಿಂದಿನ ಲೆಕ್ಕ, ಆಸ್ತಿಯ ಹಕ್ಕು ಆ ಪಟ್ಟಿಯಿಂದ ಹೋಗಿ ಈಗ ಆರು. ಮೂಲಭೂತ ಕರ್ತವ್ಯ ಹತ್ತು ಎಂದರೆ 2002ರ ಮೊದಲಿನದು, ಈಗ ಹನ್ನೊಂದು. ಕರ್ನಾಟಕದ ಜಿಲ್ಲೆ 30 ಎಂದರೆ ವಿಜಯನಗರ ಜಿಲ್ಲೆಯಾಗುವುದಕ್ಕೆ ಹಿಂದಿನದು, ಈಗ 31. ಕಾಲದ ಕಾರಣವೇ ಇಲ್ಲದೆ ಮೊದಲಿಂದ ತಪ್ಪಾದವೂ ಇವೆ. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ಎಷ್ಟು ಕಾರ್ಟೂನ್‌ಗಳು ಕುಣಿಯುತ್ತವೋ! ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಎಂದು ಕೇಂದ್ರ ಸರ್ಕಾರವೇ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಟ್ಟಿದೆ. ಹಿಂದಿ ರಾಷ್ಟ್ರಭಾಷೆ ಎನ್ನುವ ಹಾಡುಗಳೂ ಇವೆ. ಸಂವಿಧಾನದ 343ನೇ ವಿಧಿ ಅದನ್ನು ಒಕ್ಕೂಟದ ಆಡಳಿತ ಭಾಷೆ ಎಂದಷ್ಟೇ ಹೇಳುತ್ತದೆ. ರಾಷ್ಟ್ರಭಾಷೆ ಎಂದು ಯಾವ ಭಾಷೆಯನ್ನೂ ಹೆಸರಿಸಿಲ್ಲ.

ತಿದ್ದುವುದು ಹೇಗೆ? "ಅದನ್ನು ಮರೆತುಬಿಡು" ಎಂದರೆ ಯಾರೂ ಮರೆಯುವುದಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಮೊದಲು ಬಾಯಿಗೆ ಬರುವುದು ಹಾಡೇ. ಹಾಗಾಗಿ ತಪ್ಪಿನ ಜಾಗದಲ್ಲೇ ಕೆಲಸ ಮಾಡಬೇಕು. ಮಗಳು ಆ ಹಾಡನ್ನು ಹಾಡಲಿ, 29 ಬರುವ ಕಡೆ ತಟ್ಟನೆ ನಿಲ್ಲಲಿ, ಈಗ ಎಷ್ಟು, ಯಾಕೆ ಕಡಿಮೆಯಾಯಿತು ಎಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಲಿ. ಎರಡು ದಿನ ಬಿಟ್ಟು ಮತ್ತೆ, ಒಂದು ವಾರ ಬಿಟ್ಟು ಮತ್ತೆ. ಬರೀ ಅಂಕಿ ಬದಲಿಸಿದರೆ ಜಾರುತ್ತದೆ, ಕಾರಣ ಸೇರಿಸಿದರೆ ನಿಲ್ಲುತ್ತದೆ. ಆಂಧ್ರದ ಮದನಪಲ್ಲಿ ಕಡೆ ನಿಮಗೆ ನೆಂಟರಿದ್ದರೆ ರಾಜ್ಯ ಒಡೆದಾಗ ಏನಾಯಿತು ಎಂದು ಅವರ ಬಾಯಿಂದಲೇ ಕೇಳಿಸಿ. ಇನ್ನೂ ಹತ್ತಿರದ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ: ಮಾವನವರ ಹಳೆಯ ಪಹಣಿ ತೆಗೆದು ನೋಡಿ, ಅದರಲ್ಲಿ ಕೋಲಾರ ಜಿಲ್ಲೆ ಎಂದು ಇರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಜಮೀನು ಅಲ್ಲೇ ಇದೆ, ಜಿಲ್ಲೆ ಬದಲಾಯಿತು. ನಕ್ಷೆ ಎಂಬುದು ಜನ ಕೂತು ಬದಲಿಸುವ ವಸ್ತು ಎಂದು ಆ ಹುಡುಗಿಗೆ ತಿಳಿದರೆ ಹಾಡಿನ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದು ನಿಲ್ಲುತ್ತದೆ. ಜೊತೆಗೆ, ಹಾಡು ಯಾವ ವರ್ಷ ಹಾಕಿದ್ದು ಎಂದು ವಿಡಿಯೋದ ಕೆಳಗೆ ನೋಡುವ ಅಭ್ಯಾಸ ಮಾಡಿಸಿ.

ಈಗ ಮಗನ ಹಾಡಿಗೆ ವಾಪಸ್ ಬರೋಣ, ಇಲ್ಲೊಂದು ಒಳ್ಳೆಯ ಅವಕಾಶ ಇದೆ. ಆ ಹಾಡಿನಲ್ಲಿ ಕೇಳುವ ಕಾನೂನು ಯಾವುದು ಗೊತ್ತೇ? ಶಾಲಾ ಬಸ್ಸುಗಳು ರೈಲ್ವೆ ಹಳಿ ದಾಟುವ ಮುಂಚೆ ನಿಲ್ಲಬೇಕು ಎಂಬುದು. ಊರಿನವರು ತಮ್ಮ ಪ್ರತಿನಿಧಿಗೆ ಫೋನ್ ಮಾಡಿ ಹೇಳಿದ್ದರಿಂದ ಆ ಮಸೂದೆ ಹುಟ್ಟುತ್ತದೆ. ನಮ್ಮಲ್ಲೂ ಅದೇ ತರಹದ ಕಾನೂನು ಇದೆ. 1988ರ ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್. ಕಾವಲುಗಾರನಿಲ್ಲದ ರೈಲ್ವೆ ಗೇಟ್ ಬಂದರೆ ಚಾಲಕ ಗಾಡಿ ನಿಲ್ಲಿಸಬೇಕು. ಕಂಡಕ್ಟರೋ ಕ್ಲೀನರೋ ಜೊತೆಗಿದ್ದವರೋ ಹಳಿಯವರೆಗೆ ನಡೆದು ಹೋಗಿ, ರೈಲು ಬರುತ್ತಿಲ್ಲವೆಂದು ನೋಡಿ, ಗಾಡಿಯನ್ನು ದಾಟಿಸಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. ಇದು ನಿಮ್ಮ ಯಜಮಾನರಿಗೂ ಅನ್ವಯಿಸುವ ಕಾನೂನು. ಇಂಥ ಕಾವಲಿಲ್ಲದ ಗೇಟುಗಳನ್ನು ಬ್ರಾಡ್‌ಗೇಜ್ ಎಂಬ ಅಗಲ ಹಳಿಗಳಲ್ಲಿ ರೈಲ್ವೆಯವರು 2019ರ ಹೊತ್ತಿಗೆ ತೆಗೆದುಹಾಕಿದರು. ಚಿಂತಾಮಣಿಯ ಮೇಲೆ ಹಾದುಹೋಗುವ ಕೋಲಾರ–ಚಿಕ್ಕಬಳ್ಳಾಪುರ ಲೈನು ಕಿರಿದಾಗಿದ್ದ ಕಾಲದಲ್ಲಿ ಗೇಟು ಹೇಗೆ ದಾಟುತ್ತಿದ್ದರು ಎಂದು ಹಿರಿಯ ಡ್ರೈವರುಗಳನ್ನು ಕೇಳಿದರೆ ಕಥೆ ಕಥೆ ಹೇಳುತ್ತಾರೆ. ಹಾಡಿನ ಬಸ್ಸಿನಿಂದ ಅಪ್ಪನ ಟೊಮೆಟೊ ಗಾಡಿಗೆ ಹುಡುಗನನ್ನು ಕರೆತರಲು ಇಷ್ಟು ಸಾಕು.

ಅಲ್ಲಿಂದ ಮುಂದೆ ವ್ಯತ್ಯಾಸಗಳನ್ನು ಒಂದೊಂದಾಗಿ ಹೇಳಿ, ಒಂದೇ ದಿನ ಎಲ್ಲ ಸುರಿಯಬೇಡಿ. ಅವರ ಕಡೆ ಇರುವ ಎರಡು ಮನೆಗೆ ನಮ್ಮಲ್ಲಿ ಲೋಕಸಭೆ, ರಾಜ್ಯಸಭೆ. ಬೆಂಗಳೂರಿನ ವಿಧಾನಸೌಧದಲ್ಲಿ 224 ಜನರ ವಿಧಾನಸಭೆ, 75 ಜನರ ವಿಧಾನ ಪರಿಷತ್ತು. ದೆಹಲಿಯಲ್ಲಿ ಆದ ಮಸೂದೆಗೆ ರಾಷ್ಟ್ರಪತಿ, ಬೆಂಗಳೂರಿನದಕ್ಕೆ ರಾಜ್ಯಪಾಲರು ಅಂಕಿತ ಹಾಕುತ್ತಾರೆ. ಹುಡುಗನಿಗೆ ಇಷ್ಟವಾದ ವೀಟೋದಲ್ಲಿ, ಎಂದರೆ ಬೇಡ ಎನ್ನುವ ಅಧಿಕಾರದಲ್ಲಿ, ದೊಡ್ಡ ವ್ಯತ್ಯಾಸವಿದೆ. ಅಮೆರಿಕದ ಅಧ್ಯಕ್ಷ ಬೇಡ ಎಂದರೆ ಎರಡೂ ಮನೆಗಳಲ್ಲಿ ಮೂರನೇ ಎರಡು ಭಾಗ ಜನ ಮತ್ತೆ ಬೇಕು ಎನ್ನಬೇಕು. ನಮ್ಮ ರಾಷ್ಟ್ರಪತಿ ಒಂದು ಮಸೂದೆಯನ್ನು ಮತ್ತೊಮ್ಮೆ ನೋಡಿ ಎಂದು ವಾಪಸ್ ಕಳಿಸಿದರೆ, ಸಂಸತ್ತು ಅದನ್ನು ಸಾಮಾನ್ಯ ಬಹುಮತದಿಂದ ಮತ್ತೆ ಪಾಸು ಮಾಡಿದರೆ ಸಾಕು, ಆಮೇಲೆ ಅಂಕಿತ ತಡೆಹಿಡಿಯುವಂತಿಲ್ಲ. ಅಲ್ಲಿ ಅಧ್ಯಕ್ಷರಿಗೆ ಭಾನುವಾರ ಬಿಟ್ಟು ಹತ್ತು ದಿನದ ಗಡುವು, ನಮ್ಮ ಸಂವಿಧಾನದಲ್ಲಿ ದಿನದ ಲೆಕ್ಕ ಬರೆದಿಲ್ಲ. ಇನ್ನು ಪ್ರಧಾನಮಂತ್ರಿ ಎಂಬ ಪಾತ್ರವೇ ಆ ಹಾಡಿನಲ್ಲಿ ಇಲ್ಲ, ಅಮೆರಿಕದಲ್ಲಿ ಆ ಹುದ್ದೆಯೇ ಇಲ್ಲದ್ದರಿಂದ ಇರಲು ಸಾಧ್ಯವೂ ಇಲ್ಲ. ಮೂರನೇ ಕ್ಲಾಸಿಗೆ ಇದರಲ್ಲಿ ಮೊದಲ ಎರಡು ಸಾಕು. ಉಳಿದದ್ದು ಅಕ್ಕನಿಗೆ. ಅಕ್ಕನೇ ತಮ್ಮನಿಗೆ ಹೇಳಿಕೊಡಲಿ, ಆಗ ಇಬ್ಬರ ಕೆಲಸವೂ ಆಗುತ್ತದೆ.

ಈ ಹಾಡುಗಳ ಬಗ್ಗೆ ನನಗೆ ಇರುವ ನಿಜವಾದ ತಕರಾರು ದೇಶದ್ದಲ್ಲ. ಅವುಗಳಲ್ಲಿ ಜಗಳ ಇಲ್ಲ. ಮಸೂದೆ ಪಾಪ ಒಬ್ಬಂಟಿಯಾಗಿ ಮೆಟ್ಟಿಲ ಮೇಲೆ ಕಾಯುತ್ತದೆ. ಅದನ್ನು ಬೇಡ ಎನ್ನುವವರು ಯಾರು, ಅವರಿಗೆ ಏನು ಕಷ್ಟ, ಯಾರಿಗೆ ಲಾಭ, ಇದ್ಯಾವುದೂ ಬರುವುದಿಲ್ಲ. ನಮ್ಮ ಹಕ್ಕಿಗಳ ಹಾಡಿನಲ್ಲೂ ಹಕ್ಕಿಗಳೆಲ್ಲ ಒಂದೇ ಮಾತಿಗೆ ಹಾರುತ್ತವೆ. ಆದರೆ ಪೌರನೀತಿ ಹುಟ್ಟುವುದೇ ಎಲ್ಲರೂ ಒಪ್ಪದಿರುವ ಕಡೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆಸಿ ವ್ಯಾಲಿ ಯೋಜನೆಯಲ್ಲಿ ಕೋಲಾರ ಭಾಗದ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಣಗಿದ ಕೆರೆ ತುಂಬಿತು, ಬೋರ್‌ವೆಲ್‌ಗೆ ನೀರು ಬಂತು ಎಂದು ಒಬ್ಬರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಇನ್ನೊಬ್ಬರು. ಇಬ್ಬರೂ ರೈತರೇ, ಇಬ್ಬರ ಮಾತಿನಲ್ಲೂ ತೂಕವಿದೆ. ಈ ವಾದ ಮನೆಯ ಜಗುಲಿಯಲ್ಲಿ ನಡೆಯುವಾಗ ಪಕ್ಕದಲ್ಲಿ ಕೂತ ಮಗು ಯಾವ ಕಾರ್ಟೂನ್‌ನಲ್ಲೂ ಸಿಗದ್ದನ್ನು ಕಲಿಯುತ್ತದೆ. "ದೊಡ್ಡವರ ಮಾತು, ಹೋಗಿ ಆಡ್ಕೋ" ಎಂದು ಎಬ್ಬಿಸಿ ಕಳಿಸಬೇಡಿ.

ಹಾಗಾಗಿ ನಿಮ್ಮ ಮನೆಯ ಒಳ್ಳೆಯ ಪಠ್ಯಪುಸ್ತಕ ನಿಮ್ಮ ಮಾವನವರು. ಅವರಿಗೆ ಕೋಪ ಬಂದದ್ದು ಸರಿಯಾದ ಕಾರಣಕ್ಕೇ. ಅದನ್ನು ಹುಡುಗನ ಮೇಲೆ ತೀರಿಸಿಕೊಳ್ಳುವ ಬದಲು ಕೆಲಸಕ್ಕೆ ಹಚ್ಚಬೇಕು, ಅಷ್ಟೆ. "ಪಂಚಾಯ್ತಿ ಅಂದ್ರೆ ಏನು" ಎಂದು ವಿವರಿಸಲು ಹೇಳಬೇಡಿ, ಭಾಷಣವಾಗುತ್ತದೆ. "ತಾತ, ನೀವು ಮೆಂಬರ್ ಆಗಿದ್ದಾಗ ಯಾವುದಕ್ಕೆ ಜೋರು ಜಗಳ ಆಯ್ತು?" ಎಂದು ಹುಡುಗನಿಂದ ಕೇಳಿಸಿ. ಪೈಪು ಮೊದಲು ಯಾವ ಬೀದಿಗೆ ಹೋಯಿತು, ಮೋಟರ್ ಸುಟ್ಟಾಗ ದುಡ್ಡು ಎಲ್ಲಿಂದ ಬಂತು, ಯಾರು ಸಹಿ ಹಾಕಲು ಒಪ್ಪಲಿಲ್ಲ. ಅದರಲ್ಲಿ ಮಸೂದೆಯ ಹಾಡಿನ ಎಲ್ಲ ಮೆಟ್ಟಿಲೂ ಬರುತ್ತವೆ, ಕೇಳಿದವರು, ಬರೆದವರು, ತಡೆದವರು, ಸಹಿ. ಹುಡುಗನೇ ಹೊಂದಿಸಿಕೊಳ್ಳುತ್ತಾನೆ.

ಆಮೇಲೆ ಲೆಕ್ಕ ಹಾಕಿಸಿ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಸುಮಾರು 400 ಜನಕ್ಕೆ ಒಬ್ಬ ಮೆಂಬರ್. ನಿಮ್ಮ ಪಂಚಾಯ್ತಿಯ ಮೆಂಬರ್‌ಗಳ ಸಂಖ್ಯೆ ಗೊತ್ತಿದ್ದರೆ ಜನಸಂಖ್ಯೆ ಹೆಚ್ಚುಕಡಿಮೆ ಹೇಳಬಹುದು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಯಾಕಿರಬಹುದು? ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು, ನಮ್ಮೂರಲ್ಲಿ ಹೋದ ಸಲ ಯಾವಾಗ ಆಯಿತು? ಈ ಕೊನೆಯ ಪ್ರಶ್ನೆಗೆ ಮಾವನವರು ಸ್ವಲ್ಪ ಗಂಟಲು ಸರಿಮಾಡಿಕೊಳ್ಳಬಹುದು. ಪರವಾಗಿಲ್ಲ.

"ನನಗೇ ಗೊತ್ತಿಲ್ಲ" ಎಂದು ಬರೆದಿದ್ದೀರಿ. ಸೆನೆಟ್ ಗೊತ್ತಿಲ್ಲದಿರಬಹುದು. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಎಲ್ಲಿಗೆ ಹೋಗಬೇಕು, ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಹೇಗೆ ಮಾಡಿಸಬೇಕು ಎಂದು ನಿಮಗೆ ಗೊತ್ತಿದೆ. ಅದೂ ಪೌರನೀತಿಯೇ. ಮುಂದಿನ ಸಲ ನಾಡಕಚೇರಿಗೆ ಹೋಗುವಾಗ ಅವನನ್ನು ಕರೆದುಕೊಂಡು ಹೋಗಿ, ಅರ್ಜಿ ಅವನ ಕೈಯಿಂದಲೇ ಕೌಂಟರಿನಲ್ಲಿ ಕೊಡಿಸಿ. ಕಾಗದ ಕಾಯುವುದು ಎಂದರೇನು ಎಂದು ಅವನ ಹಾಡಿಗಿಂತ ಚೆನ್ನಾಗಿ ತಿಳಿಯುತ್ತದೆ.

ನಿಮ್ಮ ಮುಂದಿರುವ ದಾರಿಗಳನ್ನೂ ಅವುಗಳ ತೊಂದರೆಯನ್ನೂ ಹೇಳಿಬಿಡುತ್ತೇನೆ. ಪೂರ್ತಿ ಬಂದ್ ಮಾಡಬಹುದು. ಕಲಿತದ್ದು ಅಳಿಸುವುದಿಲ್ಲ, ಆದರೆ ಕಾನೂನು ಎಂದರೆ ಬೈಸಿಕೊಳ್ಳುವ ವಿಷಯ ಎಂದು ಹುಡುಗ ತಿಳಿಯುತ್ತಾನೆ. ಇದ್ದ ಹಾಗೇ ಬಿಟ್ಟುಬಿಡಬಹುದು. ಆಗ ಎಂಟನೇ ಕ್ಲಾಸಿಗೆ ಬಂದಾಗ ಅಕ್ಕನ ಕಥೆಯೇ ಆಗುವ ಸಂಭವ ಹೆಚ್ಚು. ಅಮೆರಿಕದ್ದು ಬೇಡ, ಭಾರತದ್ದೇ ಹಾಡು ಹುಡುಕಿ ಕೊಡುತ್ತೇನೆ ಎನ್ನಬಹುದು. ಒಳ್ಳೆಯದೇ, ಆದರೆ ನಮ್ಮವೆಂದು ಸಿಗುವುದರಲ್ಲಿ ಬಹಳಷ್ಟು ಅವಸರಕ್ಕೆ ಕಟ್ಟಿದ ಪಟ್ಟಿಗಳು. ರಾಜ್ಯ, ರಾಜಧಾನಿ, ಪ್ರಾಣಿ, ಪಕ್ಷಿ, ಹೂವು. ನೀವೇ ಒಮ್ಮೆ ಪೂರ್ತಿ ಕೇಳಿ, ಅಂಕಿಗಳನ್ನು ಮಗಳ ಪಠ್ಯದ ಜೊತೆ ಹೋಲಿಸಿ ಕೊಡಿ. ಹಾಡು ಚೆನ್ನಾಗಿದ್ದೂ ವಿಷಯ ತಪ್ಪಿದ್ದರೆ ಅದು ಬರೀ ಕೆಟ್ಟ ಹಾಡಿಗಿಂತ ಅಪಾಯ.

ನಾನು ಹೇಳುವ ದಾರಿ ಹಾಡು ಇರಲಿ, ಫೋನು ಕಡಿಮೆಯಾಗಲಿ ಎಂಬುದು. ಹಾಡು ಈಗಾಗಲೇ ಅವನಿಗೆ ಬರುತ್ತದೆ, ಪರದೆ ಯಾಕೆ? ನೀವು ಹೊಲಿಯುತ್ತಿರಿ, ಅವನು ಹಾಡಲಿ, ಮಧ್ಯೆ ಮಧ್ಯೆ ನಿಲ್ಲಿಸಿ ಕೇಳಿ. ಫೋನ್ ಕೊಟ್ಟ ಹೊತ್ತಿನಲ್ಲಿ ಆಟೋಪ್ಲೇ ಆಫ್ ಮಾಡಿಡಿ, ಒಂದು ಒಳ್ಳೆಯ ಹಾಡಿನ ಹಿಂದೆ ತಾನಾಗಿ ಬರುವ ಹತ್ತು ಹಾಡುಗಳಿಗೆ ನಿಮ್ಮ ಹೊಣೆ ಇರುವುದಿಲ್ಲ. ಇಷ್ಟವಿದ್ದರೆ ಹುಡುಗನೇ ತೆಲುಗಿನಲ್ಲೋ ಕನ್ನಡದಲ್ಲೋ ನಿಮ್ಮ ಊರಿನ ಅರ್ಜಿಯ ಹಾಡು ಕಟ್ಟಲಿ, ಬೀದಿ ದೀಪದ್ದೋ ಬಸ್ಸಿನದ್ದೋ. ಪ್ರಾಸ ಕೆಟ್ಟರೆ ಕೆಡಲಿ. ಅಂಕಿ ಮಾತ್ರ ಹಾಡಿನೊಳಗೆ ಹಾಕಿಸಬೇಡಿ, ಅವು ಬದಲಾಗುತ್ತವೆ.

ಇಬ್ಬರಿಗೂ ಒಂದು ದಿನ ರಜೆಯಲ್ಲಿ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಕರೆದೊಯ್ಯಿರಿ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಬಾರದು ಎಂಬ ಆಜ್ಞೆಯನ್ನು ಮೀರಿ ಸೇರಿದ್ದ ಜನರ ಮೇಲೆ ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಮೈಸೂರು ರಾಜ್ಯದಲ್ಲಿ ಜವಾಬ್ದಾರಿ ಸರ್ಕಾರ, ಎಂದರೆ ಜನ ಆರಿಸಿದವರಿಗೆ ಉತ್ತರ ಕೊಡುವ ಸರ್ಕಾರ, ಬೇಕು ಎಂಬ ಕೂಗು ಆಮೇಲೆ ಇನ್ನೂ ಜೋರಾಯಿತು. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ 1947ರಲ್ಲಿ ಆ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು, ನಮ್ಮ ಸಂವಿಧಾನ ಬರೆದ ಸಭೆಯಲ್ಲೂ ಸದಸ್ಯರಾಗಿದ್ದರು. ಶಾಲೆಯಲ್ಲಿ ಪೀಠಿಕೆ ಓದಿಸುವಾಗ "ಭಾರತದ ಜನತೆಯಾದ ನಾವು" ಎನ್ನುತ್ತಾರಲ್ಲ, ಆ ಸಭೆಯಲ್ಲಿ ನಿಮ್ಮ ಪಕ್ಕದ ಜಿಲ್ಲೆಯವರೂ ಒಬ್ಬರು ಕೂತಿದ್ದರು ಎಂದು ಮಗಳಿಗೆ ಹೇಳಿ.

ಕೊನೆಗೆ ಟೀಚರ್ ವಿಷಯ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಒಂದು ಕ್ಲಾಸಿನಲ್ಲಿ ಅಷ್ಟೊಂದು ಮಕ್ಕಳು, ಒಬ್ಬೊಬ್ಬರು ಒಂದೊಂದು ವಿಡಿಯೋದಿಂದ ಒಂದೊಂದು ಅಂಕಿ ತಂದರೆ ತಿದ್ದುವ ಹೊತ್ತಿಗೆ ಅವರಿಗೆ ಸಾಕಾಗಿರುತ್ತದೆ. ಶಾಲೆಯಲ್ಲಿ ಮಕ್ಕಳ ಸಂಸತ್ತು ಇದೆಯೇ ಎಂದು ಕೇಳಿ. ಇದ್ದರೆ ಚುನಾವಣೆಯಾದ ಮೇಲೆ ಅದು ಏನಾದರೂ ತೀರ್ಮಾನ ಮಾಡುತ್ತದೆಯೇ, ಇಲ್ಲ ಬ್ಯಾಡ್ಜ್ ಹಾಕಿಕೊಂಡು ಫೋಟೋಕ್ಕೆ ನಿಲ್ಲುವುದಷ್ಟೆಯೇ ಎಂದೂ ಕೇಳಿ. ಪಂಚಾಯ್ತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತಾರೆ, ಅಲ್ಲಿ ಮಕ್ಕಳೇ ಎದ್ದು ಶೌಚಾಲಯದ ನೀರು, ಕಾಂಪೌಂಡು, ಬಸ್ಸಿನ ಸಮಯ ಕೇಳಬಹುದು. ದಿನ ಯಾವುದೆಂದು ಪಿಡಿಒ ಹತ್ತಿರ ಮಾವನವರಿಂದ ವಿಚಾರಿಸಿ, ಎಂಟನೇ ಕ್ಲಾಸಿನವಳು ಒಂದು ಪ್ರಶ್ನೆ ಬರೆದುಕೊಂಡು ಹೋಗಲಿ, ತಮ್ಮನೂ ಜೊತೆಗೆ ಹೋಗಲಿ. ಅವಳು ಕೇಳಿದ್ದನ್ನು ಅಲ್ಲಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರೋ ಇಲ್ಲವೋ ಎಂದು ಮಾವನವರು ನೋಡಿಕೊಳ್ಳಲಿ, ಅದು ಅವರಿಗೆ ಗೊತ್ತಿರುವ ಕೆಲಸ.